ಉಪ್ಪುನೀರಿನ ಬಾಟಲಿ

ನಂಬಬೇಡಿ ಅಂತಲೇ ಶುರು ಮಾಡುತ್ತೇನೆ. ನನ್ನ ಮಾತು ನಂಬಿ ಕೆಟ್ಟವರು ಬಹಳ ಜನರಿದ್ದಾರೆ, ನಂಬದೆ ಕೆಟ್ಟವರು ಅದಕ್ಕಿಂತ ಹೆಚ್ಚು. ನೀವು ಯಾವ ಸಾಲಿನಲ್ಲಿ ನಿಂತರೂ ನನ್ನ ಗಂಟೇನೂ ಹೋಗುವುದಿಲ್ಲ. ಆರು ವರ್ಷ ನಾನೂ ನನ್ನ ಸೊಸೆಯೂ ಒಂದೇ ಮನೆಯಲ್ಲಿದ್ದು, ಒಬ್ಬರ ಮುಖ ಒಬ್ಬರು ನೋಡದೆ, ಒಂದು ಪ್ರೆಶರ್ ಕುಕ್ಕರಿನ ಜೊತೆ ಮಾತಾಡಿ ಸಂಸಾರ ಸಾಗಿಸಿದೆವು. ಕೊಯ್ದು ತೆಗೆಯುತ್ತೇನೆ ಅಂತ ಡಾಕ್ಟರೊಬ್ಬ ದಿನ ಗೊತ್ತು ಮಾಡಿದ್ದ ಅವಳ ಎದೆಗೆ ಕತ್ತಿ ಮುಟ್ಟದ ಹಾಗೆ ಮಾಡಿದವನು ನಾನು. ಅದೇ ಕೈಯಿಂದ ಅವಳ ಜೀವಕ್ಕೆ ಕುತ್ತು ತರಲು ಹೊರಟವನೂ ನಾನೇ. ನಂಬುವುದಿಲ್ಲವೇ? ಒಳ್ಳೆಯದು, ಓದಿ.

ಮೊದಲು ಕುಕ್ಕರಿನ ವಿಷಯ. ನಾವು ಕೊಪ್ಪಳದ ಕಡೆಯವರು. ನಮ್ಮ ಮನೆತನದಲ್ಲಿ ಸೊಸೆಯಾದವಳು ಮಾವನಿಗೆ ಮುಖ ಕೊಟ್ಟು ಮಾತಾಡುವಂತಿಲ್ಲ. ತಲೆ ತುಂಬ ಸೆರಗು, ಬಾಗಿಲ ಮರೆ. ಊರಲ್ಲಾದರೆ ಪಡಸಾಲೆ, ನಡುಮನೆ, ಹಿತ್ತಲು ಅಂತ ಮರೆಯಾಗಲು ಜಾಗವಾದರೂ ಇರುತ್ತದೆ. ದುಡಿಯಲು ಬಂದ ತೆಲುಗು ಸೀಮೆಯ ಮಹಾನಗರದಲ್ಲಿ, ನಾಚಾರಂನ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಕಾಲು ಚಾಚಿದರೆ ಅಡುಗೆ ಕಟ್ಟೆಗೆ ತಾಗುತ್ತಿತ್ತು. ಹಾಗಾಗಿ ಸೊಸೆ ಏನಿದ್ದರೂ ನನ್ನ ಹೆಂಡತಿಗೆ ಹೇಳುವಳು. “ಅತ್ತ್ಯಾರ, ಚಾ ಆರಾಕತ್ತೈತಿ ಅಂತ ಮಾವಾರಿಗೆ ಹೇಳ್ರಿ.” ನಾನು ಎರಡು ಮೊಳ ದೂರದಲ್ಲಿ ಕೂತಿರುತ್ತಿದ್ದೆ. ಹೆಂಡತಿ ಮನೆಯಲ್ಲಿಲ್ಲದ ದಿನ ಅವಳು ಒಲೆಯ ಮೇಲಿನ ಕುಕ್ಕರಿಗೆ ಹೇಳುವಳು. ನಾನೂ ಅದಕ್ಕೇ ಉತ್ತರ ಕೊಡುವೆ.

“ಮಾವಾರು ಉಣ್ಣಾಕ ಬರಬೇಕಂತ.”

“ಕುಕ್ಕರಪ್ಪಾ, ಇವತ್ತರ ಪಲ್ಯಾಕ ಉಪ್ಪ ಬಿದ್ದೈತೇನ ಕೇಳು.”

“ಉಪ್ಪ ಹಾಕೇವಿ. ನಾಲಿಗಿ ಸತ್ತವರಿಗೆ ಗೊತ್ತಾಗಂಗಿಲ್ಲ ಅಂತ ಹೇಳು, ಕುಕ್ಕರಪ್ಪಾ.”

ಇದನ್ನು ಮಾವ ಸೊಸೆಯ ಸಲಿಗೆ ಅಂತ ತಿಳಿದರೆ ನೀವು ದಡ್ಡರು. ಅವಳಿಗೆ ನಾನೆಂದರೆ ಆಗುತ್ತಿರಲಿಲ್ಲ. ಮದುವೆಯ ದಿನ ಅವಳಪ್ಪನ ವೀಳ್ಯದೆಲೆಗೆ ನಾನು ಕದ್ದು ಸುಣ್ಣ ಹೆಚ್ಚು ಮೆತ್ತಿದ್ದೆ. ಆ ಮನುಷ್ಯ ಬಾಯಿ ಸುಟ್ಟುಕೊಂಡು ಬೀಗರೂಟದಲ್ಲಿ ಬರೀ ಮಜ್ಜಿಗೆ ಕುಡಿದ. ಎಲ್ಲರೂ ನಕ್ಕರು, ಅವಳು ನಗಲಿಲ್ಲ, ಮರೆಯಲೂ ಇಲ್ಲ. ಒಮ್ಮೆ ನಾನು ಕುಕ್ಕರನ್ನೇ ಬಚ್ಚಿಟ್ಟೆ. ಇಡೀ ದಿನ ಅವಳು ತುಟಿ ಎರಡು ಮಾಡಲಿಲ್ಲ, ನನಗೆ ಊಟವೂ ಇಲ್ಲ. ಮರುದಿನ ನನ್ನ ನಶ್ಯದ ಡಬ್ಬಿಯಲ್ಲಿ ಖಾರಪುಡಿ ಇತ್ತು. ಯಾರು ಹಾಕಿದ್ದು ಅಂತ ಸಾಬೀತಾಗಲಿಲ್ಲ. ಮೂರು ದಿನ ಕಣ್ಣು ಮೂಗು ಒಂದೇ ಆಗಿತ್ತು.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಚಾರಂನಲ್ಲಿ ಬಾಯ್ಲರು, ಟ್ಯಾಂಕು ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಬೆಸುಗೆ ಪರೀಕ್ಷೆ ಮಾಡುವವನಾಗಿದ್ದೆ. ಉಕ್ಕಿನ ಮೇಲೆ ಗ್ರೀಸು ಸವರಿ, ಯಂತ್ರದ ಬೆಂಕಿಪೊಟ್ಟಣದಷ್ಟು ದೊಡ್ಡ ಮೂತಿಯನ್ನು ಅದರ ಮೇಲೆ ಜಾರಿಸಿದರೆ, ಒಳಗೆ ಹೋದ ಸದ್ದು ತಿರುಗಿ ಬಂದು ಹಸಿರು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಬಿರುಕಿದ್ದರೆ ಒಂದು ರೀತಿ, ಗಾಳಿಗುಳ್ಳೆ ಇದ್ದರೆ ಇನ್ನೊಂದು ರೀತಿ. ಉಕ್ಕನ್ನು ಕೊಯ್ಯದೆ ಅದರ ಹೊಟ್ಟೆಯೊಳಗಿನ ಗುಟ್ಟು ಹೇಳುವ ವಿದ್ಯೆ ಅದು. ಇಡೀ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಓದುವವನು ಇನ್ನೊಬ್ಬನಿರಲಿಲ್ಲ. ಜಂಬ ಅನ್ನಿ, ನಾನು ಪಾಸು ಮಾಡಿದ ಬೆಸುಗೆ ಒಂದೂ ಬಿರಿಯಲಿಲ್ಲ. ಒಳ್ಳೆಯದನ್ನು ಫೇಲು ಮಾಡಿದರೆ ಕಬ್ಬಿಣ ಹಾಳು, ಕೆಟ್ಟದ್ದನ್ನು ಪಾಸು ಮಾಡಿದರೆ ಪಕ್ಕದಲ್ಲಿ ನಿಂತವನ ಹೆಣ. ಆ ಒಂದು ತಪ್ಪು ಮಾತ್ರ ಮಾಡಬಾರದು ಅಂತ ಎಷ್ಟೋ ಹುಡುಗರಿಗೆ ಕಿವಿ ಹಿಂಡಿ ಕಲಿಸಿದ್ದೆ. ನಾನು ಹೇಳುತ್ತಿರುವ ಕಾಲಕ್ಕೆ ನಿವೃತ್ತನಾಗಿ ಒಂದು ವರ್ಷವಾಗಿತ್ತು.

ಸೊಸೆಯದು ಬೇರೆ ವಿದ್ಯೆ. ಊರಿನ ಪಶ್ಚಿಮಕ್ಕೆ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ದಿನಗಳು. ಅಮೀರ್‌ಪೇಟೆಯಲ್ಲಿ ಗೋಡೆಗೊಂದರಂತೆ ಕಂಪ್ಯೂಟರ್ ಕೋರ್ಸಿನ ಬೋರ್ಡು. ಅವಳೂ ಅಲ್ಲೊಂದು ಕೋರ್ಸು ಮುಗಿಸಿ, ಅಮೆರಿಕದ ಡಾಕ್ಟರರು ಟೇಪಿನಲ್ಲಿ ಹೇಳಿದ ರೋಗಿಗಳ ವಿವರವನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡುವ ಕೆಲಸಕ್ಕೆ ಸೇರಿದ್ದಳು. “ಕುಕ್ಕರಪ್ಪಾ, ಇವತ್ತ ಯಾವ ದೊರಿಗೆ ಮೂಲವ್ಯಾಧಿ ಆಗೈತಂತ?” ಅಂತ ನಾನು ದಿನಾ ಸಂಜೆ ಕೇಳುತ್ತಿದ್ದೆ.

ಅವಳ ನೋವು ನನಗೆ ತಿಳಿದದ್ದು ರೊಟ್ಟಿಯಿಂದ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವಳು ಜೋಳದ ರೊಟ್ಟಿ ಬಡಿಯುವಳು. ಆ ಸಪ್ಪಳ ನನಗೆ ಗಡಿಯಾರವಿದ್ದ ಹಾಗೆ. ಒಂದು ದಿನ ಸಪ್ಪಳ ತಪ್ಪಿತು. ಒಂದು ಬಡಿತ, ಆಮೇಲೆ ಬಿಡುವು, ಮತ್ತೊಂದು ಬಡಿತ, ಅದೂ ಬಲಗೈಯೊಂದರದ್ದೇ. ರೊಟ್ಟಿ ತಾಟಿಗೆ ಬಂದಾಗ ಬೆರಳು ದಪ್ಪ ಇತ್ತು.

“ಕುಕ್ಕರಪ್ಪಾ, ಇದು ರೊಟ್ಟಿನೋ ಸಗಣಿ ಕುಳ್ಳೋ?” ಅಂದೆ.

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದಳು. “ಆಕಿ ಎಡಗಡೆ ಎದಿಯಾಗ ಗಡ್ಡಿ ಎದ್ದೈತಿ. ಎರಡ ತಿಂಗಳಾತು. ಕೈ ಎತ್ತಿದ್ರ ಜೀವ ಹೋಗತೈತಿ. ನಿಮಗ ರೊಟ್ಟಿ ದಪ್ಪ ಆದದ್ದಷ್ಟ ಕಾಣತೈತಿ.”

ಎರಡು ತಿಂಗಳು ಅದೇ ಮನೆಯಲ್ಲಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮೊಲೆ ಅನ್ನುವ ಶಬ್ದವನ್ನು ನಮ್ಮ ಮನೆಯಲ್ಲಿ ಎಮ್ಮೆಯ ವಿಷಯಕ್ಕೆ ಬಿಟ್ಟರೆ ಯಾರೂ ಆಡುತ್ತಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಅರಿಸಿನದ ಪಟ್ಟು, ದೃಷ್ಟಿ ತೆಗೆದದ್ದು, ಹತ್ತಿರದ ನರ್ಸಿಂಗ್ ಹೋಮಿನ ಎರಡು ಸುತ್ತು ಗುಳಿಗೆ ಎಲ್ಲ ಮುಗಿದಿತ್ತು. ನಿಂಬೆಕಾಯಿಯಷ್ಟಿದ್ದದ್ದು ಪೇರಲಹಣ್ಣಿನಷ್ಟಾಗಿತ್ತು. ಮೇಲಿನ ಚರ್ಮ ಕೆಂಪಾಗಿತ್ತು. ಅವಳ ತವರಿನಲ್ಲಿ ಬೆಳೆಯುತ್ತಿದ್ದ ಮೊಮ್ಮಗುವಿಗೆ ಹಾಲು ಬಿಡಿಸಿ ಎರಡು ವರ್ಷವಾಗಿತ್ತು, ಹಾಲಿನ ಬಾವು ಅನ್ನುವಂತೆಯೂ ಇರಲಿಲ್ಲ.

ಆ ಶುಕ್ರವಾರ ನರ್ಸಿಂಗ್ ಹೋಮಿನ ಸರ್ಜನ್ನು ಮಗನನ್ನು ಬರಹೇಳಿದ್ದ. ಮಗ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿದ್ದ. ಬಿಳಿ ಕೋಟು ಕಂಡರೆ ಎದ್ದು ನಿಲ್ಲುವ ಜಾತಿ. ಬೇಡವೆಂದರೂ ನಾನು ಬೆನ್ನು ಹತ್ತಿದೆ. ಅಲ್ಲಿ ನಡೆದ ಮಾತೆಲ್ಲ ಹಿಂದಿಯಲ್ಲಿ. ನಿಮಗಾಗಿ ಕನ್ನಡಕ್ಕೆ ತಿರುಗಿಸಿದ್ದೇನೆ, ಬೈಗುಳ ಬಿಟ್ಟು.

“ಗಡ್ಡೆ ಗಟ್ಟಿಯಾಗಿದೆ. ಕ್ಯಾನ್ಸರ್ ಇರಬಹುದು. ಸೋಮವಾರ ತೆಗೆದುಬಿಡೋಣ,” ಅಂದ ಸರ್ಜನ್ನು.

“ಎಷ್ಟು ತೆಗೆಯುತ್ತೀರಿ?” ಅಂತ ನಾನು ಕೇಳಿದೆ.

“ಒಳಗೆ ಹೋದ ಮೇಲೆ ಗೊತ್ತಾಗುತ್ತದೆ. ಬೇಕಾದರೆ ಪೂರ್ತಿ.”

“ಒಳಗೆ ಹೋಗುವ ಮುಂಚೆ ಒಳಗೇನಿದೆ ಅಂತ ನೋಡಿದ್ದೀರಾ?”

“ಕೈ ಮುಟ್ಟಿದರೆ ನನಗೆ ಗೊತ್ತಾಗುತ್ತದೆ. ಇದು ಇವತ್ತಿನ ಕೈಯಲ್ಲ.”

“ನಮ್ಮ ಕಾರ್ಖಾನೆಯಲ್ಲೂ ಒಬ್ಬ ಫಿಟ್ಟರ್ ಹೀಗೇ ಅನ್ನುತ್ತಿದ್ದ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿ ಟ್ಯಾಂಕು ಪಾಸು ಮಾಡುತ್ತಿದ್ದ. ಈಗ ಅವನ ಬಲಗೈಯಲ್ಲಿ ಎರಡೇ ಬೆರಳಿವೆ.”

ಸರ್ಜನ್ನು ಮಗನ ಕಡೆ ತಿರುಗಿದ. “ನಿಮ್ಮ ತಂದೆ ಏನು ಕೆಲಸ ಮಾಡುತ್ತಾರೆ?”

“ಬಾಯ್ಲರ್ ನೋಡುತ್ತಿದ್ದರು ಸಾರ್,” ಅಂದ ಮಗ, ನೆಲ ನೋಡುತ್ತಾ.

“ಹಾಗಾದರೆ ಬಾಯ್ಲರೇ ನೋಡಿಕೊಳ್ಳಲಿ.”

ಮನೆಯಲ್ಲಿ ಶನಿವಾರವಿಡೀ ಜಗಳ. ಮಗ ಆಸ್ಪತ್ರೆಗೆ ಹೋಗಲು ಚೀಲ ತುಂಬುತ್ತಿದ್ದ. ಹೆಂಡತಿ ಅಳುತ್ತಿದ್ದಳು. ಅಷ್ಟು ಹೊತ್ತು ಗೋಡೆಗೆ ಒರಗಿ ಕೂತಿದ್ದ ಸೊಸೆ ಎದ್ದು, ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಬೆನ್ನು ಹಾಕಿ ಕುಕ್ಕರಿನ ಮುಂದೆ ನಿಂತಳು.

“ಮನಿಯವರಿಗೆಲ್ಲಾ ಹೇಳು, ಕುಕ್ಕರಪ್ಪಾ. ಇಂಥಾದ್ದ ನಾ ಟೈಪ್ ಮಾಡೀನಿ. ಒಂದಲ್ಲ, ನಾಕಾರು. ನನ್ನ ವಯಸ್ಸಿನ ಹೆಂಗಸು, ಕೂಸಿಗೆ ಹಾಲ ಬಿಡಿಸಿ ವರ್ಷ ಎರಡ ವರ್ಷ, ಒಂದ ಕಡೆ ಗಡ್ಡಿ, ಕೆಂಪು, ನೋವು. ಕ್ಯಾನ್ಸರ್ ಅಂತ ಎಲ್ಲಾರೂ ಹೆದರಿರ್ತಾರ. ಸೂಜೀಲೆ ಒಂದ ಚೂರ ತಗದು ನೋಡಿದ್ರ ಅದು ಬರೇ ಉರಿಗಡ್ಡಿ ಆಗಿರತೈತಿ. ಅದನ್ನ ಕೊಯ್ದ್ರ ಗಾಯ ಲಗೂನ ಮಾಯಂಗಿಲ್ಲ, ಸೋರಕೋತ ಇರತೈತಿ, ಕೊಯ್ದಲ್ಲೇ ಮತ್ತ ಬರತೈತಿ. ಗುಳಿಗೀಲೆ ಇಳೀತೈತಿ, ತಡಾ ಆಗತೈತಿ ಅಷ್ಟ.”

“ಟೈಪ್ ಮಾಡಿದವ್ರೆಲ್ಲಾ ಡಾಕ್ಟರ್ ಆದ್ರ,” ಅಂದ ಮಗ, “ಬ್ಯಾಂಕಿನ ಕ್ಯಾಶಿಯರ್‌ಗೆಲ್ಲಾ ಸಾಹುಕಾರ ಅನಬೇಕಾಕ್ಕೈತಿ.”

“ನನಗ ಅದ ಆಗೈತಿ ಅಂತ ನಾ ಅನ್ನವಲ್ಲೆ. ಕ್ಯಾನ್ಸರೂ ಇರಬಹುದು. ಇದ್ರ ಕೊಯ್ಸಿಕೊಂತೀನಿ. ಏನಂತ ಗೊತ್ತಿಲ್ದ ಕೊಯ್ಸಂಗಿಲ್ಲ.”

ನನಗೆ ಅವಳ ಮೇಲೆ ಕರುಣೆ ಬಂತು ಅಂತ ನೀವು ಕಾಯುತ್ತಿದ್ದರೆ ಕಾಯಬೇಡಿ. ನನಗೆ ಬೇಕಿದ್ದದ್ದು ಆ ಸರ್ಜನ್ನಿನ ಮುಖಭಂಗ. ಅದಕ್ಕೆ ಸೊಸೆಯೇ ದಾರಿ ತೋರಿಸುವುದಾದರೆ ಸೊಸೆಯ ಜೊತೆಗೂ ರಾಜಿ.

“ಕುಕ್ಕರಪ್ಪಾ,” ಅಂದೆ, “ಸೂಜಿ ಹಾಕೂ ಡಾಕ್ಟರು ಎಲ್ಲಿ ಅದಾರ ಕೇಳು.”

ಅವಳು ತಿರುಗದೆಯೇ ಕುಕ್ಕರಿಗೆ ಹೇಳಿದಳು. “ಮೆಹದಿಪಟ್ಟಣಂದಾಗ ಒಬ್ಬ ಡಾಕ್ಟರಮ್ಮ ಅದಾಳಂತ. ನಮ್ಮ ಆಫೀಸಿನವಳ ಅಕ್ಕ ಹೋಗಿದ್ಲಂತ.”

“ಏನರ ಹೆಚ್ಚುಕಮ್ಮಿ ಆದ್ರ ನಿನ್ನ ತಲಿ ಮ್ಯಾಲ, ಅಪ್ಪಾ,” ಅಂದು ಮಗ ತುಂಬಿದ ಚೀಲವನ್ನು ಮೂಲೆಗೆ ಒದ್ದ. ಸೋಮವಾರ ಅವನು ಕೆಲಸಕ್ಕೆ ಹೋದ. ನಾವು ಮೂವರು ಎರಡು ಬಸ್ಸು ಬದಲಿಸಿ ಮೆಹದಿಪಟ್ಟಣಂಗೆ ಹೋದೆವು.

ಡಾಕ್ಟರಮ್ಮ ದಖ್ನಿ ಉರ್ದು ಮಾತಾಡುವ ಗಟ್ಟಿ ದನಿಯ ಹೆಂಗಸು. ಅವಳ ಕೋಣೆಯಲ್ಲಿ ನನ್ನ ಯಂತ್ರದ ತಂಗಿಯಂಥದೊಂದು ಯಂತ್ರವಿತ್ತು. ಅದೇ ಪರದೆ, ಅದೇ ಮೂತಿ, ಗ್ರೀಸಿನ ಬದಲು ತಣ್ಣಗಿನ ಅಂಟು. ನಾನು ಹತ್ತಿರ ಹೋಗಿ ಇದು ಎಷ್ಟು ಆಳ ನೋಡುತ್ತದೆ, ಮೂತಿ ಯಾವ ಕಂಪನಿಯದು ಅಂತ ವಿಚಾರಿಸತೊಡಗಿದೆ. “ಬಡೇ ಮಿಯಾ, ಬಾಹರ್,” ಯಜಮಾನರೇ ಹೊರಗಿರಿ ಅಂತ ಬಾಗಿಲು ತೋರಿಸಿದಳು. ಹೆಂಡತಿಯೂ ಸೊಸೆಯೂ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ನನ್ನಂಥವನನ್ನು ಹೊರಗೆ ಕೂರಿಸಿ ಪರದೆ ಓದಿದ ಮೊದಲ ವ್ಯಕ್ತಿ ಅವಳು.

ಆಮೇಲೆ ಒಳಗೆ ಕರೆದು ಮೂವರಿಗೂ ಹೇಳಿದಳು. “ಅಭೀ ಕಾಟ್ನಾ ನಕ್ಕೋ.” ಈಗಲೇ ಕೊಯ್ಯುವುದು ಬೇಡ. ಅವಳು ಹೇಳಿದ ಉಳಿದದ್ದು ಇಷ್ಟು: ಯಂತ್ರ ಒಳಗೆ ಏನೋ ಇದೆ ಅನ್ನುತ್ತದೆ, ಏನು ಅಂತ ಹೇಳುವುದಿಲ್ಲ. ಅದಕ್ಕೆ ಪರದೆ ನೋಡುತ್ತ ಸೂಜಿಯಿಂದ ದಾರದಂಥ ಚೂರುಗಳನ್ನು ತೆಗೆಯಬೇಕು. ಕೆಲವು ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ಯಾನ್ಸರ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಉಳಿದ ಚೂರನ್ನು ಬೇರೆ ಲ್ಯಾಬಿನಲ್ಲಿ, ಕ್ಷಯದ ಕ್ರಿಮಿ ಏನಾದರೂ ಬೆಳೆಯುತ್ತದೆಯೇ ಅಂತ ವಾರಗಟ್ಟಲೆ ಇಟ್ಟು ನೋಡಬೇಕು. ಕ್ಯಾನ್ಸರೂ ಅಲ್ಲ, ಕ್ಷಯವೂ ಅಲ್ಲ ಅಂತಾದರೆ ಉರಿ ಇಳಿಸುವ ಗುಳಿಗೆ ಕೊಡುತ್ತೇನೆ. ಕ್ಷಯವಿದ್ದು ಆ ಗುಳಿಗೆ ಕೊಟ್ಟರೆ ಮೈಯ ಕಾವಲು ಮಲಗಿ, ಕ್ರಿಮಿ ಎಲ್ಲೆಡೆ ಹಬ್ಬುತ್ತದೆ. ಆದ್ದರಿಂದ ಎರಡೂ ಉತ್ತರ ಬೇಕು.

ಅವತ್ತೇ ಸೂಜಿ ಹಾಕಿದಳು. ಸೊಸೆ ಹಲ್ಲು ಕಚ್ಚಿಕೊಂಡು ಹೊರಬಂದಳು. ಹೆಂಡತಿ ಅವಳನ್ನು ಆಟೋದಲ್ಲಿ ಮನೆಗೆ ಕರೆದೊಯ್ದಳು. ಎರಡು ಸಣ್ಣ ಬಾಟಲಿಗಳನ್ನು ಎರಡು ಲ್ಯಾಬಿಗೆ ಮುಟ್ಟಿಸುವ ಕೆಲಸ ನನ್ನದು. ಬಿಚ್ಚಬೇಡಿ ಅಂತ ನರ್ಸು ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಬಿಚ್ಚುತ್ತಿದ್ದೆ.

ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬಿಚ್ಚಿದೆ. ಒಂದರಲ್ಲಿ ಚೂರು ಕೊಳೆಯದಂತೆ ಕಾಯುವ ಫಾರ್ಮಲಿನ್, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು. ಇನ್ನೊಂದಕ್ಕೆ ವಾಸನೆಯೇ ಇಲ್ಲ. ಮುಚ್ಚಳಕ್ಕೆ ಹತ್ತಿದ ಹನಿಯನ್ನು ನಾಲಿಗೆಗೆ ತಾಗಿಸಿದೆ. ಬರೀ ಉಪ್ಪುನೀರು. ಅದರಲ್ಲಿ ಸೊಸೆಯ ಮೈಯ ಎರಡು ಎಳೆಗಳು ತೇಲುತ್ತಿದ್ದವು. ಬಿಸಿಲು ಅಂದರೆ ಬಿಸಿಲು. ಈ ನರ್ಸು ಎಂಥ ಹೆಡ್ಡಿ, ಒಂದಕ್ಕೆ ಔಷಧಿ ಹಾಕಿ ಇನ್ನೊಂದಕ್ಕೆ ಮರೆತಿದ್ದಾಳೆ, ಲ್ಯಾಬು ಮುಟ್ಟುವಷ್ಟರಲ್ಲಿ ಇದು ಕೊಳೆತು ನಾರುತ್ತದೆ ಅಂದುಕೊಂಡೆ. ಫಾರ್ಮಲಿನ್ನಿನಲ್ಲಿ ಅರ್ಧವನ್ನು ಎರಡನೇ ಬಾಟಲಿಗೆ ಸುರಿದೆ. ಎರಡನ್ನೂ ಬಿಗಿಯಾಗಿ ಮುಚ್ಚಿದೆ. ಎರಡೂ ಲ್ಯಾಬಿಗೆ ಮುಟ್ಟಿಸಿ ರಸೀದಿ ತಂದೆ.

ಸಂಜೆ ಚಹಾ ಕುಡಿಯುತ್ತ ಈ ಪರಾಕ್ರಮವನ್ನು ಮನೆಯವರಿಗೆಲ್ಲ ಬಣ್ಣಿಸಿದೆ. ಮೂವತ್ತು ವರ್ಷ ಪರೀಕ್ಷೆಯ ಕೆಲಸ ಮಾಡಿದವನಿಗೆ ಸ್ಯಾಂಪಲ್ಲು ಕೆಡದ ಹಾಗೆ ನೋಡಿಕೊಳ್ಳುವುದು ಯಾರೂ ಕಲಿಸಬೇಕಿಲ್ಲ, ಆ ನರ್ಸಿನ ಮರೆವನ್ನು ನಾನು ಸರಿ ಮಾಡಿದೆ ಅಂದೆ. ಸೊಸೆ ಕಟ್ಟೆಯ ಬಳಿ ನಿಂತು ಬಲಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ನಿಂತಿತು.

“ಎರಡನೇ ಬಾಟಲಿಗೆ ಏನ ಹಾಕಿದ್ರಿ?”

ಯಾರಿಗೆ ಕೇಳಿದಳು ಅಂತ ನನಗೆ ತಕ್ಷಣ ತಿಳಿಯಲಿಲ್ಲ. ರೂಢಿಯಂತೆ ಕುಕ್ಕರಿನ ಕಡೆ ನೋಡಿದೆ.

“ಆ ಕಡೆ ನೋಡಬ್ಯಾಡ್ರಿ. ನನ್ನ ಕಡೆ ನೋಡ್ರಿ. ಏನ ಹಾಕಿದ್ರಿ?”

ಸೆರಗು ತಲೆಯಿಂದ ಜಾರಿ ಹೆಗಲ ಮೇಲಿತ್ತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಆರು ವರ್ಷದಲ್ಲಿ ನಾನು ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು. ನಾನು ತಿಳಿದದ್ದಕ್ಕಿಂತ ವಯಸ್ಸಾದ ಮುಖ.

“ಅದ, ಮೊದಲನೇದ್ರಾಗಿನ ಔಷಧಿ. ಕೊಳೀಬಾರ್ದಂತ,” ಅಂದೆ.

“ಅದು ಕೊಲ್ಲೂ ಔಷಧಿ. ಕ್ರಿಮಿ ಬದಕಿದ್ರ ಬೆಳೀತಾವಂತ ಉಪ್ಪುನೀರಾಗ ಇಟ್ಟಿದ್ರು. ಈಗ ಎಷ್ಟ ವಾರ ಇಟ್ರೂ ಏನೂ ಬೆಳೆಯಂಗಿಲ್ಲ. ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬರತಿತ್ತು. ಕ್ಷಯ ಇಲ್ಲ ಅಂತ ತಿಳದು ಡಾಕ್ಟರಮ್ಮ ಗುಳಿಗಿ ಕೊಡತಿದ್ಲು. ಕ್ಷಯ ಇದ್ದಿದ್ರ?”

ಅವಳೇ ಮುಂದುವರಿಸಿದಳು. ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

“ಪಾಸ್ ಮಾಡಿದ್ದ ಒಂದೂ ಬಿರಿದಿಲ್ಲ ಅಂತ ದಿನಾ ಹೇಳ್ತೀರಲ್ಲ. ಇವತ್ತ ನನ್ನ ಪಾಸ್ ಮಾಡಿ ಬಂದೀರಿ. ನಮ್ಮ ಅಪ್ಪನ ಬಾಯಿ ಸುಟ್ಟಾಗ ಎಲ್ಲಾರೂ ನಕ್ಕರು. ಇವತ್ತೂ ನಗಾಕ ಹೇಳ್ರಿ.”

“ಏ, ಮಾವನ ಮುಂದ ಹಿಂಗ,” ಅಂತ ನನ್ನ ಹೆಂಡತಿ ಬಾಯಿ ತೆರೆದಳು.

“ನೀವು ಸುಮ್ಮಕಿರ್ರಿ, ಅತ್ತ್ಯಾರ. ಸೂಜಿ ನನಗ ಚುಚ್ಚಿದ್ದು.”

ನಾನು ಎದ್ದು ಹೊರಗೆ ಹೋದೆ. ಬೀದಿಯ ಕೊನೆಯ ಇರಾನಿ ಹೋಟೆಲಿನಲ್ಲಿ ಕೂತು ಮೂರು ಚಹಾ ಕುಡಿದೆ, ಒಂದರ ರುಚಿಯೂ ಗೊತ್ತಾಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಗಲಿಲ್ಲ. ಬೆಸುಗೆಯ ಮೇಲೆ ಪುಟ್ಟಿ ಮೆತ್ತಿ ಬಿರುಕು ಮುಚ್ಚಿ ತರುತ್ತಿದ್ದ ವೆಲ್ಡರುಗಳನ್ನು ನಾನು ಗೇಟಿನ ಹೊರಗೆ ಅಟ್ಟಿಸಿದ್ದೆ. ಅವರಾದರೂ ಬೇಕೆಂದೇ ಮಾಡುತ್ತಿದ್ದರು. ನಾನು ಜಾಣತನದಿಂದ ಮಾಡಿದ್ದೆ.

ಮರುದಿನ ಬೆಳಿಗ್ಗೆ ಸೊಸೆ ತಾನೇ ಫೋನ್ ಮಾಡಿ ಡಾಕ್ಟರಮ್ಮನಿಗೆ ವಿಷಯ ತಿಳಿಸಿದಳು. ಮತ್ತೆ ಮೆಹದಿಪಟ್ಟಣಂ, ಮತ್ತೆ ಸೂಜಿ. ಡಾಕ್ಟರಮ್ಮ ಹೊರಗೆ ಬಂದು ಬೆಂಚಿನ ಮೇಲಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಉಕ್ಕಿಗೆ ನೋವಾಗುವುದಿಲ್ಲ, ಬಡೇ ಮಿಯಾ. ಎರಡು ಸಲ ಪರೀಕ್ಷೆ ಮಾಡಿದರೆ ನಡೆಯುತ್ತದೆ,” ಅಂತ ದಖ್ನಿಯಲ್ಲಿ ಹೇಳಿ ಒಳಗೆ ಹೋದಳು.

ಸೊಸೆ ಹೊರಬಂದಾಗ ಬಾಟಲಿ ಅವಳ ಮುಷ್ಟಿಯಲ್ಲೇ ಇತ್ತು. ನಾನು ಕೈ ಚಾಚಲಿಲ್ಲ, ಅವಳು ಕೊಡುವವಳೂ ಅಲ್ಲ. ಬಸ್ ಸ್ಟಾಪಿನಲ್ಲಿ ಹೆಂಡತಿ ನೀರು ತರಲು ಹೋದಳು, ನಾವಿಬ್ಬರೇ ಉಳಿದೆವು. ಅವಳು ಮುಖ ಬೆಳ್ಳಗಾಗಿ ಕಂಬಕ್ಕೆ ಒರಗಿದ್ದಳು.

“ತಪ್ಪಾತವ್ವ. ನನ್ನದ ತಪ್ಪು,” ಅಂದೆ.

ಅವಳು ರಸ್ತೆಯ ಕಡೆಯೇ ನೋಡುತ್ತಿದ್ದಳು. “ಬಸ್ ಬಂತು. ಹತ್ರಿ,” ಅಂದಳು.

ಮೊದಲ ಬಾಟಲಿಯ ಉತ್ತರ ಒಂದು ವಾರಕ್ಕೆ ಬಂತು. ಕ್ಯಾನ್ಸರ್ ಇಲ್ಲ, ಉರಿಯ ಕಣಗಳು ಗುಂಪುಗುಂಪಾಗಿ ಕೂಡಿ ಗಂಟುಗಟ್ಟಿವೆ ಅಂತಿತ್ತು. ಸೊಸೆ ಅದನ್ನು ನಿಂತುಕೊಂಡೇ ಓದಿದಳು, ಅಲ್ಪವಿರಾಮ ಪೂರ್ಣವಿರಾಮ ಸಹಿತ, ಟೇಪಿನ ಡಾಕ್ಟರು ಹೇಳಿಕೊಡುವ ಹಾಗೆ. ಮಗ ಎರಡು ಕೈಯಿಂದ ಮುಖ ಮುಚ್ಚಿಕೊಂಡ. ನಾನು ಒಂದು ನಕಲು ತೆಗೆಸಿಕೊಂಡು ಸೀದಾ ಸರ್ಜನ್ನಿನ ಮೇಜಿನ ಮೇಲೆ ಹಾಕಿದೆ. ಅವನು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. “ಅದೃಷ್ಟ. ಮುಂದಿನವರನ್ನು ಕಳಿಸಿ,” ಅಂದ. ಮುಖಭಂಗ ಅಂತ ನಾನು ಕಾದು ಕೂತಿದ್ದದ್ದು ಇಷ್ಟೇ ಆಯಿತು.

ಆದರೆ ಇನ್ನೂ ಕ್ಷಯದ ಉತ್ತರ ಬರಬೇಕಿತ್ತು. ಆ ವಾರಗಳು ಕೆಟ್ಟವು. ಗಡ್ಡೆ ಒಂದು ಕಡೆ ತಾನೇ ಒಡೆದು ಸೋರತೊಡಗಿತು. ಡಾಕ್ಟರಮ್ಮ ಯಂತ್ರದಲ್ಲಿ ನೋಡಿ, ಒಳಗೆ ಕೂಡಿದ್ದ ಕೀವನ್ನು ಸೂಜಿಯಿಂದಲೇ ಎಳೆದು ತೆಗೆದಳು. ಎರಡು ದಿನ ಬಿಟ್ಟು ಮತ್ತೆ ತೆಗೆದಳು. ಮನೆಯಲ್ಲಿ ಮಗ, “ಕೊಯ್ಸಿದ್ರ ಇಷ್ಟೊತ್ತಿಗೆ ಮುಗದು ಹೋಗತಿತ್ತು,” ಅಂತ ಮತ್ತೆ ಶುರು ಮಾಡಿದ. ಸೊಸೆ ಈಗ ಕುಕ್ಕರಿಗೆ ಹೇಳುತ್ತಿರಲಿಲ್ಲ. “ಮುಗಿಯೂದಂದ್ರ ಏನ್ರಿ? ಸರಿಯಾಗಿ ಹೇಳ್ರಿ,” ಅಂತ ಗಂಡನನ್ನೇ ಕೇಳಿದಳು. ಅವನು ಎದ್ದು ಹೊರಗೆ ಹೋದ. ನನಗೂ ಅವಳು ನೇರವಾಗಿಯೇ ಮಾತಾಡುತ್ತಿದ್ದಳು, ಅದರಲ್ಲಿ ಗೌರವಕ್ಕಿಂತ ಆಜ್ಞೆ ಹೆಚ್ಚು. “ಮಾವಾರ, ಕಾಲ ತೆಗೀರಿ.” “ಮಾವಾರ, ರಿಪೋರ್ಟ್ ಮುಟ್ಟಬ್ಯಾಡ್ರಿ.”

ಕೊನೆಗೆ ಉತ್ತರ ಬಂತು. ಯಾವ ಕ್ರಿಮಿಯೂ ಬೆಳೆದಿರಲಿಲ್ಲ. ಈ ಸಲದ್ದು ನಂಬಬಹುದಾದ ಉತ್ತರ, ಯಾಕೆಂದರೆ ಬಾಟಲಿಗೆ ನನ್ನ ಕೈ ತಾಗಿರಲಿಲ್ಲ.

ಆಮೇಲೆ ಗುಳಿಗೆ. ಅದನ್ನು ನುಂಗಿ ಬೆಳಗಾಗುವುದರೊಳಗೆ ಗುಣವಾಯಿತು ಅಂತ ಬರೆಯಲು ನನಗೂ ಆಸೆ, ಆದರೆ ಆಗಿದ್ದು ಹಾಗಲ್ಲ. ತಿಂಗಳುಗಳೇ ಹಿಡಿದವು. ಗುಳಿಗೆಯಿಂದ ಅವಳ ಮುಖ ಊದಿ ಹುಣ್ಣಿಮೆಯ ಚಂದ್ರನಾಯಿತು. ಹಸಿವೋ ಹಸಿವು. ಸಿಟ್ಟು ಮೊದಲೇ ಇತ್ತು, ಈಗ ಮೂಗಿನ ತುದಿಯಲ್ಲಿ. ಸಕ್ಕರೆ ಏರುತ್ತದೆಯೋ ಅಂತ ಆಗಾಗ ರಕ್ತ ಕೊಡಬೇಕು. ಒಂದೇ ಸಲಕ್ಕೆ ಬಿಡುವಂತಿಲ್ಲ, ಡಾಕ್ಟರಮ್ಮ ಹೇಳಿದ ಲೆಕ್ಕದಲ್ಲಿ ಇಳಿಸುತ್ತ ಬರಬೇಕು. ಪ್ರತಿ ಸಲ ಯಂತ್ರದ ಮೂತಿ ಜಾರಿಸಿ ಗಡ್ಡೆಯ ಅಗಲ ಅಳೆದು ಚೀಟಿಯಲ್ಲಿ ಬರೆಯುವಳು. ನಡುವೆ ಒಮ್ಮೆ ಅಳತೆ ಹಿಂದಿನದಕ್ಕಿಂತ ಹೆಚ್ಚು ಬಂತು. ಗುಳಿಗೆ ಮತ್ತೆ ಏರಿಸಿದರು. ಆ ದಿನ ಸೊಸೆ ಮನೆಗೆ ಬಂದು ಇದ್ದ ಪಾತ್ರೆಯನ್ನೆಲ್ಲ ಮತ್ತೆ ತೊಳೆದಳು. ನಾನು ನನ್ನ ಮೂಲೆ ಬಿಟ್ಟು ಏಳಲಿಲ್ಲ.

ಅವಳ ಜೊತೆ ಆಸ್ಪತ್ರೆಗೆ ಹೋಗುವ ಕೆಲಸ ಮಾತ್ರ ನನ್ನದೇ ಆಯಿತು, ನಿವೃತ್ತನಿಗೆ ಬೇರೆ ಕೆಲಸವೇನು? ಎರಡು ಬಸ್ಸು, ಎರಡರಲ್ಲೂ ಬೇರೆ ಬೇರೆ ಸೀಟು. ಪ್ರೀತಿ ಹುಟ್ಟಿತು, ಮಗಳಂತಾದಳು ಅಂತೆಲ್ಲ ಹೇಳಲು ನಾನೇನು ಧಾರಾವಾಹಿ ಬರೆಯುತ್ತಿಲ್ಲ. ಒಂದು ಸಲ ಅವಳ ಚೀಟಿಗಳ ಕವರನ್ನು ತಮಾಷೆಗೆ ನನ್ನ ಅಂಗಿಯೊಳಗೆ ಬಚ್ಚಿಟ್ಟೆ. ಅವಳು ಹುಡುಕಲೇ ಇಲ್ಲ. ಕೈ ಚಾಚಿ ನಿಂತಳು, ನಾನು ತೆಗೆದು ಕೊಡುವ ತನಕ. ಕಂಡಕ್ಟರು ನೋಡುತ್ತಿದ್ದ.

ವರ್ಷ ತುಂಬುವಷ್ಟರಲ್ಲಿ ಒಂದು ದಿನ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದಳು. ಸೊಸೆ ಸೀರೆ ಸರಿಪಡಿಸಿಕೊಂಡು ಕೂತಿದ್ದಳು. ಪರದೆಯ ಮೇಲೆ ಹಿಂದಿನ ಚಿತ್ರವನ್ನೂ ಅವತ್ತಿನ ಚಿತ್ರವನ್ನೂ ಪಕ್ಕಪಕ್ಕ ನಿಲ್ಲಿಸಿದ್ದಳು. “ಓದಿ, ಬಡೇ ಮಿಯಾ,” ಅಂದಳು. ನಾನು ಬಹಳ ಹೊತ್ತು ನೋಡಿದೆ. ಮೊದಲನೆಯದರಲ್ಲಿ ಕಪ್ಪು ಮಡುವಿನಂಥದು, ಅದಕ್ಕೆ ಬೇರಿನಂಥ ಕವಲುಗಳು. ಎರಡನೆಯದರಲ್ಲಿ ಒಂದೇ ಸಮನಾದ ಬೂದು. ಹೊರಗೆ ಉಳಿದದ್ದು ಗಡ್ಡೆ ತಾನೇ ಒಡೆದ ಜಾಗದಲ್ಲಿ ಅಕ್ಕಿಕಾಳಿನಷ್ಟು ಕಲೆ ಅಂತ ಹೆಂಡತಿ ಆಮೇಲೆ ಹೇಳಿದಳು. ಕೊಯ್ದ ಗುರುತು ಎಲ್ಲೂ ಇಲ್ಲ. ಮತ್ತೆ ಬರಲೂಬಹುದು, ಬಂದರೆ ಕತ್ತಿಯ ಕಡೆ ಓಡದೆ ಮೊದಲು ಇಲ್ಲಿಗೆ ಬನ್ನಿ ಅಂದಳು ಡಾಕ್ಟರಮ್ಮ.

“ಪಾಸ್ ಏನ್ರಿ?” ಅಂತ ಸೊಸೆ ಕೇಳಿದಳು, ನನ್ನನ್ನೇ ನೋಡಿಕೊಂಡು. ಅವಳು ನಗುತ್ತಿರಲಿಲ್ಲ.

“ನಾ ಹೇಳಂಗಿಲ್ಲ. ಡಾಕ್ಟರಮ್ಮನ್ನ ಕೇಳು,” ಅಂದೆ.

ಇಷ್ಟೂ ನಡೆದದ್ದು. ಕುಕ್ಕರು ನಿಜ, ಖಾರಪುಡಿ ನಿಜ, ಉಪ್ಪುನೀರಿನ ರುಚಿ ನೋಡಿದ್ದೂ ನಿಜ. ಒಂದೇ ಒಂದನ್ನು ನಾನು ಕಟ್ಟಿ ಸೇರಿಸಿದ್ದೇನೆ. ಬಸ್ ಸ್ಟಾಪಿನಲ್ಲಿ ನಾನು ತಪ್ಪಾತವ್ವ ಅನ್ನಲಿಲ್ಲ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ನಾನು ಪಕ್ಕದಲ್ಲಿ ನಶ್ಯ ಏರಿಸುತ್ತಿದ್ದೆ, ಬಸ್ಸು ಬಂತು, ಅವಳು ಹತ್ರಿ ಅಂದಳು, ಹತ್ತಿದೆವು. ಆ ಮಾತನ್ನು ನಾನು ಅವತ್ತೂ ಆಡಲಿಲ್ಲ, ಆಮೇಲೂ ಆಡಿಲ್ಲ.